ಬಲಿತ ನಾರಿನ ಗಂಟು

ಬಂಗಾರಪೇಟೆಯ ಅಡಿಗೆಮನೆಯೊಂದರಲ್ಲಿ ಮೇಕೆಯ ಕಾಲಿನ ಸಾರು ಕುದಿಯುತ್ತಿದೆ ಎಂದಿಟ್ಟುಕೊಳ್ಳೋಣ. ಎಳೆಯ ಮೇಕೆಯದಾದರೆ ಬೇಗನೆ ಮೆತ್ತಗಾಗುತ್ತದೆ; ಬಲಿತದ್ದಾದರೆ ಎಷ್ಟು ಬೇಯಿಸಿದರೂ ಹಲ್ಲಿಗೆ ಜಗ್ಗುತ್ತದೆ. ಮಿಕ್ಕ ಸಾರು ಆರಿದ ಮೇಲೆ ಲೋಳೆಯಂತೆ ಹೆಪ್ಪುಗಟ್ಟುತ್ತದೆ. ಇಷ್ಟಕ್ಕೂ ಕಾರಣ ಕಾಲಜನ್ ಎಂಬ ಸಸಾರಜನಕ. ಚರ್ಮ, ಮೂಳೆ, ಕೀಲು, ಸ್ನಾಯುರಜ್ಜು ಎಲ್ಲಕ್ಕೂ ಅದೇ ನಾರು.

ಇದರ ಅಂತರಂಗವನ್ನು ಬಯಲು ಮಾಡಿದವರಲ್ಲಿ ಮೊದಲಿಗರು ನಮ್ಮ ದೇಶದವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್, 1954ರಲ್ಲಿ ಮದರಾಸಿನಲ್ಲಿ ಗೋಪಿನಾಥ್ ಕರ್ತಾ ಅವರೊಡನೆ, ಕಾಲಜನ್ ಅಣುವು ಮೂರೆಳೆಯದೆಂದು ತೋರಿಸಿಕೊಟ್ಟರು. ಹೆಂಗಳೆಯರ ಜಡೆಯಂತಲ್ಲ, ಹೊಸೆದ ಹಗ್ಗದ ಹುರಿಯಂತೆ. ಒಂಟಿ ಅಣುವಾದರೆ ಮೈಯ ಬಿಸುಪಿನ ಆಸುಪಾಸಿನಲ್ಲಿಯೇ ಹುರಿ ಬಿಚ್ಚತೊಡಗುತ್ತದೆ. ಅಸಂಖ್ಯ ಅಣುಗಳು ಒತ್ತೊತ್ತಾಗಿ ಸೇರಿ ನಾರಾದಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆದುಕೊಳ್ಳುತ್ತದೆ. ಅನಂತರ ಒಮ್ಮೆಗೇ ಮುರುಟಿಕೊಳ್ಳುತ್ತದೆ. ಇನ್ನೂ ಕುದಿಸಿದರೆ ಕರಗಿ ಜಿಲಾಟಿನ್ ಆಗುತ್ತದೆ. ಸಾರಿನ ಲೋಳೆ ಅದೇ.

ಕೋಲಾರದ ಚಿನ್ನದ ಗಣಿಯವರಿಗೆ ಈ 60 ಡಿಗ್ರಿ ಹೊಸತಲ್ಲ. ಮೂರು ಕಿಲೋಮೀಟರಿಗೂ ಆಳವಾದ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಕಾವು ಅದನ್ನೂ ಮೀರಿತ್ತು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದವು. ಅಲ್ಲಿ ದುಡಿದು ಈಗ ಮುಪ್ಪಾದವರು ಬಂಗಾರಪೇಟೆ ಜಂಕ್ಷನ್ನಿನ ಮೆಟ್ಟಿಲ ಮೇಲೆ ಮೊಣಕಾಲು ಹಿಡಿದು ನಿಂತರೆ, ಆ ಕಾವೇ ಅವರ ನಾರನ್ನು ಬೇಯಿಸಿತೇ ಎಂಬ ಶಂಕೆ ಸಹಜ. ಹಾಗಾಗಲಾರದು. ಬಂಡೆಯ ಬಿಸಿ ಬೇರೆ, ಮೈಯ ಬಿಸಿ ಬೇರೆ. ಮೇಲಿನಿಂದ ತಳ್ಳಿದ ತಂಗಾಳಿ ಮತ್ತು ಧಾರಾಕಾರ ಬೆವರು ಮೈಯನ್ನು 37 ಡಿಗ್ರಿಯ ಸಮೀಪದಲ್ಲಿ ಕಾಯುತ್ತಿದ್ದವು. ಒಳಮೈ 42 ಡಿಗ್ರಿಯ ಮೇಲೇರಿದರೆ ಕೀಲಿಗಿಂತ ಮೊದಲು ಪ್ರಾಣಕ್ಕೇ ಸಂಚಕಾರ. ವರ್ಷಗಟ್ಟಲೆ ಹೊತ್ತ ಭಾರದ ಪಾಲನ್ನು ಮಾತ್ರ ಅಲ್ಲಗಳೆಯುವಂತಿಲ್ಲ.

ಮುಪ್ಪಿನ ಕೆಲಸ ಕಾವಿನದಕ್ಕೆ ತೀರ ವಿರುದ್ಧ. ಕಾವು ಬಿಚ್ಚಿದರೆ ವಯಸ್ಸು ಬಿಗಿಯುತ್ತದೆ. ಎಳವೆಯಲ್ಲಿ ನೆರೆಯ ಅಣುಗಳ ನಡುವಣ ಗಂಟುಗಳು ಸಡಿಲ. ವರುಷಗಳು ಕಳೆದಂತೆ ಅವು ಬಲಿಯುತ್ತವೆ. ಸಾಲದೆಂಬಂತೆ ರಕ್ತದಲ್ಲಿನ ಸಕ್ಕರೆಯೂ ನಾರಿಗಂಟಿ ಹೊಸ ಗಂಟು ಹಾಕುತ್ತದೆ. ಸಿಹಿಮೂತ್ರ ರೋಗಿಗಳಲ್ಲಿ ಇದು ಇನ್ನೂ ಬೇಗ. ಬಾಸೆಲ್ ನಗರದ ಫ್ರಿಟ್ಸ್ ವೆರ್ಜಾರ್ ಎಂಬ ವಿಜ್ಞಾನಿ ಇಲಿಯ ಬಾಲದ ಸ್ನಾಯುರಜ್ಜುವನ್ನು ಕಾಯಿಸಿ, ಅದು ಮುರುಟದಂತೆ ತಡೆಯಲು ಎಷ್ಟು ತೂಕ ತೂಗುಹಾಕಬೇಕೆಂದು ಅಳೆದರು. ಇಲಿಗೆ ವಯಸ್ಸಾದಷ್ಟೂ ತೂಕ ಹೆಚ್ಚು ಬೇಕಾಯಿತು!

ಹಾಗಾದರೆ ಮುದಿ ನಾರೇ ಗಟ್ಟಿಯೆಂದು ಹಿಗ್ಗಬೇಕೇ? ಬಾಗಬೇಕಾದುದು ಬಾಗದಿದ್ದರೆ ಆ ಗಟ್ಟಿತನದಿಂದ ಸುಖವಿಲ್ಲ. ಕೀಲಿನ ಮೃದ್ವಸ್ಥಿಯಲ್ಲಂತೂ ಕಾಲಜನ್ ಬದಲಾಗುವುದು ಅತಿ ನಿಧಾನ. ಅರ್ಧದಷ್ಟು ಹೊಸತಾಗಲು ನೂರು ವರ್ಷ ಸಾಲದೆಂದು ಅಂದಾಜು. ಬಿದ್ದ ಗಂಟು ಬಾಳಿನುದ್ದಕ್ಕೂ ಉಳಿಯುತ್ತದೆ. ಕಾಲಿನ ಸಾರು ಕುಡಿದರೆ ಅದು ನೇರವಾಗಿ ಮಂಡಿಗಿಳಿಯುವುದಿಲ್ಲ. ಹೊಟ್ಟೆಯಲ್ಲಿ ತುಂಡುತುಂಡಾಗಿ ಜೀರ್ಣವಾಗುತ್ತದೆ.

ಬಿಸಿನೀರಿನ ಶಾಖವೂ ಈ ಗಂಟುಗಳನ್ನು ಬಿಚ್ಚಲಾರದು. ಆದರೂ ರಾತ್ರಿ ರಬ್ಬರ್ ಚೀಲ ಕೇಳುವ ತಾತನಿಗೆ ಇಲ್ಲವೆನ್ನಬೇಕಾಗಿಲ್ಲ. ಹದವಾದ ಬಿಸಿಗೆ ಮಾಂಸಖಂಡ ಸಡಿಲಿ ನೋವು ತಗ್ಗುತ್ತದೆ. ಬಟ್ಟೆ ಸುತ್ತಿ ಕೊಟ್ಟರಾಯಿತು.