ಬಸ್ಕಿ ಹೊಡೆಸುವ ಮೊದಲು

ಪಿಟಿ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೂ ಸಂಜೆಯಾದರೆ ಕಾಲು ಮೈದಾನದ ಕಡೆಗೇ ಹೋಗುತ್ತದೆ. ಹುಡುಗ ವಾಂತಿ ಮಾಡಿಕೊಂಡರೂ ಇನ್ನೊಂದು ರೌಂಡು ಓಡಿಸಿ, ಅದನ್ನು ಶಿಸ್ತು ಎನ್ನುವ ಕೋಚ್‌ಗಳನ್ನು ಅಲ್ಲಿ ನೋಡುತ್ತೇನೆ. ಅದಕ್ಕೆ ಪುರಾತನ ಗ್ರೀಕರ ಸಾಕ್ಷಿ ಬೇರೆ ಕೊಡುತ್ತಾರೆ!

ಗ್ರೀಕರು ತಾಲೀಮಿಗೆ 'ಆಸ್ಕೆಸಿಸ್' ಎನ್ನುತ್ತಿದ್ದರು. ಹೋಮರನಲ್ಲಿ ಅದರ ಕ್ರಿಯಾಪದ ಉಣ್ಣೆಯನ್ನೋ ಲೋಹವನ್ನೋ ನಾಜೂಕಾಗಿ ಹದ ಮಾಡುವ ಕಸಬಿಗೆ ಸಲ್ಲುತ್ತದೆ. ಉಪವಾಸ, ಜಾಗರಣೆಗಳ ವಾಸನೆ ಅದಕ್ಕೆ ಗಾಢವಾಗಿ ಹತ್ತಿದ್ದು ಬಹುಕಾಲದ ಮೇಲೆ, ಕ್ರೈಸ್ತ ಸನ್ಯಾಸಿಗಳಿಂದ. ಹಾಗೆಂದು ಗ್ರೀಕರ ಅಖಾಡ ಸಡಿಲವಾಗೇನೂ ಇರಲಿಲ್ಲ. 10 ತಿಂಗಳು ನೇಮ ತಪ್ಪದೆ ತಾಲೀಮು ಮಾಡಿದ್ದೇವೆಂದು ಒಲಿಂಪಿಯಾದ ಸ್ಪರ್ಧಿಗಳು ಜ್ಯೂಸ್ ದೇವರ ಮುಂದೆ ಆಣೆ ಇಡುತ್ತಿದ್ದರೆಂದು ಗ್ರೀಕ್ ಪ್ರವಾಸಿ ಲೇಖಕ ಪೌಸಾನಿಯಸ್ ಬರೆದಿದ್ದಾನೆ.

ಆದರೆ ನೇಮ ಕುರುಡಾದರೆ ಏನಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ವ್ಯಾಯಾಮದ ಬಗ್ಗೆ ಗ್ರಂಥ ಬರೆದ ಫಿಲೋಸ್ಟ್ರೇಟಸ್, ಗೆರೆನಸ್ ಎಂಬ ಪೈಲ್ವಾನನ ಕತೆ ಹೇಳುತ್ತಾನೆ. ಒಲಿಂಪಿಯಾದಲ್ಲಿ ಗೆದ್ದವನು ಸ್ನೇಹಿತರೊಂದಿಗೆ ಕುಡಿದು, ಚೆನ್ನಾಗಿ ತಿಂದು, ನಿದ್ದೆಗೆಟ್ಟು ಅಖಾಡಕ್ಕೆ ಬಂದ. ಮೈ ಸರಿಯಿಲ್ಲ ಎಂದು ಒಪ್ಪಿಕೊಂಡ. ಆಗ ನಾಲ್ಕು ದಿನಗಳ ಒಂದು ಸುತ್ತು ಚಾಲ್ತಿಯಲ್ಲಿತ್ತು: ಒಂದು ದಿನ ತಯಾರಿ, ಮರುದಿನ ಪೂರ್ತಿ ಕಸುವು, ಮೂರನೆಯ ದಿನ ವಿಶ್ರಾಂತಿ, ನಾಲ್ಕನೆಯ ದಿನ ಮಧ್ಯಮ. ಗುರು ಸಿಟ್ಟಾದ, ಸುತ್ತು ತಪ್ಪಿಸಲು ಬಿಡಲಿಲ್ಲ. ಗೆರೆನಸ್ ತಾಲೀಮಿನ ನಡುವೆಯೇ ಸತ್ತ. ಫಿಲೋಸ್ಟ್ರೇಟಸ್ ದೂರುವುದು ಕುಡಿದವನನ್ನಲ್ಲ, ಎದುರಿಗಿದ್ದ ಮೈ ನೋಡದೆ ವೇಳಾಪಟ್ಟಿ ನೋಡಿದ ಗುರುವನ್ನು. ಕ್ರೀಡಾ ತರಬೇತಿ ಕೋರ್ಸುಗಳಲ್ಲಿ ಮೊದಲ ಪಾಠ ಇದೇ ಆಗಬೇಕೆಂದು ನನ್ನ ಹಟ.

ಇನ್ನು ಕಷ್ಟವನ್ನು ವಿಡಿಯೊ ಮಾಡಿ ಹಂಚುವ ಚಟ. ಜನ ನೋಡಲೆಂದು ಚಳಿಗಾಲದಲ್ಲಿ ಪ್ರತಿಮೆ ತಬ್ಬಿ ನಿಲ್ಲುವಂಥ ಕಸರತ್ತುಗಳನ್ನು ತತ್ತ್ವಜ್ಞಾನಿ ಎಪಿಕ್ಟೆಟಸ್ ಒಪ್ಪಲಿಲ್ಲ. ಬಿಸಿಲಲ್ಲಿ ಬಾಯಾರಿದಾಗ ತಣ್ಣೀರು ಬಾಯಿಗೆ ಹಾಕಿಕೊಂಡು ಉಗುಳು, ಯಾರಿಗೂ ಹೇಳಬೇಡ ಎಂಬುದು ಅವನ ಸಲಹೆ. (ಮಕ್ಕಳಿಗೆ ಇದು ಬೇಡ, ಅವರು ನೀರು ಕುಡಿಯಲಿ.)

ಬೇಸಿಗೆ ಶಿಬಿರ ನಡೆಸುವ ಕೋಚ್‌ಗಳೇ, ಸೀಟಿ ಊದುವ ಮೊದಲು ಪ್ರತಿ ಮಗುವನ್ನೂ ಕೇಳಿ: ರಾತ್ರಿ ನಿದ್ದೆ ಬಂತಾ? ಬೆಳಿಗ್ಗೆ ಏನು ತಿಂದೆ? ಎಲ್ಲಾದರೂ ನೋವಿದೆಯಾ? ಉತ್ತರ ಕೇಳಿದ ಮೇಲೆ ಬಸ್ಕಿಯ ಲೆಕ್ಕ ಹಾಕಿ.