ಜಾಡಿ ಬದಲಾದರೆ ಮದ್ಯ ಬದಲಾಗುವುದೇ?

ಬಿಯರ್‌ಗೂ ಈಗ ಪರಿಸರ ಪ್ರೇಮದ ಲೇಪ ಬಂದಿದೆ. ಅಮೆರಿಕದಲ್ಲಿ ಜನರು ದೊಡ್ಡ ಗಾಜಿನ ಜಾಡಿ ಹಿಡಿದು ಸಣ್ಣ ಬ್ರೂವರಿಗಳಿಗೆ ಹೋಗುತ್ತಾರೆ, ನಲ್ಲಿಯಿಂದ ಬಿಯರ್ ತುಂಬಿಸಿಕೊಂಡು ಮನೆಗೆ ತರುತ್ತಾರೆ. ಖಾಲಿಯಾದರೆ ತೊಳೆದು ಮತ್ತೆ ಒಯ್ಯುತ್ತಾರೆ. ಈ ಜಾಡಿಗೆ ಗ್ರೋಲರ್ ಎಂದು ಹೆಸರು. 1989ರಲ್ಲಿ ವಯೋಮಿಂಗ್ ರಾಜ್ಯದ ಒಂದು ಬ್ರೂವರಿ ಈಗಿನ ರೂಪದಲ್ಲಿ ಆರಂಭಿಸಿದ ಈ ಪದ್ಧತಿ ಇಂದು ಹಲವೆಡೆ ಫ್ಯಾಶನ್ ಆಗಿದೆ. ಬಾಟಲಿಯ ಕಸವಿಲ್ಲ, ತಾಜಾ ಸರಕು, ಸ್ಥಳೀಯ ಕುಶಲ ಉತ್ಪನ್ನ ಎಂಬ ಹೊಗಳಿಕೆ ಬೇರೆ.

ಕಸ ಕಡಿಮೆಯಾಗುವುದು ಒಳ್ಳೆಯದೇ. ಆದರೆ ತಮಾಷೆ ನೋಡಿ. ನಮ್ಮ ಅಜ್ಜಿಯಂದಿರು ತಂಬಿಗೆ ಹಿಡಿದು ಹಾಲು ತರುತ್ತಿದ್ದರು. ಆ ಹಾಲು ಪ್ಲಾಸ್ಟಿಕ್ ತೊಟ್ಟೆಗೆ ಸೇರಿದಾಗ ತಂಬಿಗೆಯನ್ನು ಉಳಿಸಲು ಯಾರೂ ಮುಂದಾಗಲಿಲ್ಲ. ಬಿಯರ್‌ಗಾಗಿ ಮಾತ್ರ ತಂಬಿಗೆಗೆ ಮರುಜೀವ!

ಜಾಡಿಯ ಅಳತೆಯನ್ನೂ ಗಮನಿಸಬೇಕು. ಸಾಮಾನ್ಯ ಗ್ರೋಲರ್ ಹಿಡಿಸುವುದು 64 ಔನ್ಸ್, ಅಂದರೆ ಸುಮಾರು 1.9 ಲೀಟರ್. ಶೇ. 5 ಮದ್ಯಸಾರವಿರುವ 12 ಔನ್ಸ್ ಬಿಯರನ್ನು ಅಮೆರಿಕದ ಆರೋಗ್ಯ ಇಲಾಖೆಯವರು ಒಂದು ಪಾನವೆಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ಒಂದು ಜಾಡಿಯಲ್ಲಿ ಐದಕ್ಕಿಂತ ಹೆಚ್ಚು ಪಾನಗಳಿವೆ. ಗಂಡಸು ಒಂದೇ ಕೂಟದಲ್ಲಿ ಐದು, ಹೆಂಗಸು ನಾಲ್ಕು ಪಾನ ಕುಡಿದರೆ ಅದು ಅತಿಕುಡಿತವೆಂದು ಹೇಳುವವರೂ ಅವರೇ. ಮುಚ್ಚಳ ತೆರೆದ ಮೇಲೆ ಅನಿಲ ಹೊರಟುಹೋಗಿ ಒಂದೆರಡು ದಿನಗಳಲ್ಲಿ ಬಿಯರ್ ಸಪ್ಪೆಯಾಗುತ್ತದೆ. ಕಾಸು ಕೊಟ್ಟು ತಂದವನು ಚೆಲ್ಲುತ್ತಾನೆಯೇ? ಬಾಟಲಿಯಾಗಿದ್ದರೆ ಒಂದಕ್ಕೆ ನಿಲ್ಲಿಸಬಹುದಿತ್ತು.

ಈ ಹೆಸರಿಗೆ ಹಳೆಯ ಚರಿತ್ರೆಯೂ ಇದೆ. 19ನೇ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ಬಡವರ ಕೇರಿಗಳಲ್ಲಿ ಗ್ರೋಲರ್ ಎಂದರೆ ತಗಡಿನ ಪಾತ್ರೆ. ಅದನ್ನು ಹಿಡಿದು ಮದ್ಯದಂಗಡಿಗೆ ಓಡುತ್ತಿದ್ದವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಪತ್ರಕರ್ತ ಜೇಕಬ್ ರೀಸ್ 1890ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. ಮಕ್ಕಳಿಗೆ ಮದ್ಯ ಮಾರಬಾರದೆಂಬ ಕಾನೂನು ಆಗಲೂ ಇತ್ತು. ಇಂದು ವಯಸ್ಸು ನೋಡಿ ಕೊಡುತ್ತಾರೆ, ಒಪ್ಪೋಣ. ಆದರೆ ತುಂಬಿದ ಜಾಡಿ ಬಂದು ಕೂರುವುದು ಮನೆಯ ಫ್ರಿಜ್ಜಿನಲ್ಲಿ, ಮಕ್ಕಳ ಹಾಲಿನ ಪಕ್ಕದಲ್ಲಿ. ಬಾರಿಗೆ ಹೋದವನು ಬಾಗಿಲು ಮುಚ್ಚುವ ಹೊತ್ತಿಗಾದರೂ ಏಳಬೇಕಿತ್ತು.

ಅಬ್ದುಲ್ ಕೈಸ್ ಗೋತ್ರದ ನಿಯೋಗವು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಬಂದಾಗ, ಪಾನೀಯ ಹುಳಿಸಲು ಬಳಸುತ್ತಿದ್ದ ಸೋರೆ ಬುರುಡೆ, ಹಸಿರು ಜಾಡಿ, ಡಾಮರು ಬಳಿದ ಪಾತ್ರೆ, ಕೊರೆದ ಖರ್ಜೂರದ ಬೊಡ್ಡೆ ಇವುಗಳನ್ನು ಅವರು ನಿಷೇಧಿಸಿದರು. ಮುಂದೆ ಆ ಪಾತ್ರೆಗಳಿಗೆ ಅನುಮತಿ ಕೊಟ್ಟರು. ಪಾತ್ರೆಯಿಂದ ಏನೂ ಹಲಾಲ್ ಅಥವಾ ಹರಾಮ್ ಆಗುವುದಿಲ್ಲ, ಅಮಲು ತರುವುದೆಲ್ಲವೂ ನಿಷಿದ್ಧ ಎಂದು ಸ್ಪಷ್ಟಪಡಿಸಿದರು. ಇದು ಬರೀ ಮುಸ್ಲಿಮರ ಮಾತೆನ್ನುವವರು ವಿಶ್ವ ಆರೋಗ್ಯ ಸಂಸ್ಥೆಯನ್ನಾದರೂ ಕೇಳಲಿ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ಅದು 2023ರ ಜನವರಿಯಲ್ಲಿ ಹೇಳಿದೆ.

ನಮ್ಮ ರಾಜ್ಯವೂ ಈ ದಾರಿಯಲ್ಲಿ ಹೆಜ್ಜೆ ಇಟ್ಟಿದೆ. 2007ರಲ್ಲಿ ಬಡವರ ಸಾರಾಯಿಯನ್ನು ನಿಷೇಧಿಸಲಾಯಿತು. ಮೂರು-ನಾಲ್ಕು ವರ್ಷಗಳಲ್ಲೇ ಬೆಂಗಳೂರಿನಲ್ಲಿ ಉಳ್ಳವರಿಗಾಗಿ ಮೈಕ್ರೋಬ್ರೂವರಿಗಳು ತೆರೆದುಕೊಂಡವು. ಕೂಲಿಯವನು ಕುಡಿದರೆ ಚಟ, ಐಟಿ ಉದ್ಯೋಗಿ ಕುಡಿದರೆ ಸಂಸ್ಕೃತಿ! ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಸರಕಾರಗಳಿಗೆ ಹೇಳುವಾಗ ಇಂಥ ಭೇದವನ್ನೇನೂ ಮಾಡಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಆಗೊಂದು ಸರಕಾರವಿತ್ತು, ಆಮೇಲೆ ಇನ್ನೊಂದು ಬಂತು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಿಂದ ಜನ ಅನ್ನಕ್ಕೆ ಪರದಾಡುತ್ತಿದ್ದಾಗ, ಮೈಕ್ರೋಬ್ರೂವರಿಯ ಬಿಯರನ್ನು ಜಾಡಿಯಲ್ಲಿ ಮನೆಗೆ ಒಯ್ಯಲು ತಾತ್ಕಾಲಿಕ ಅನುಮತಿ ಸಿಕ್ಕಿತು. ತಲಾ 2 ಲೀಟರ್.