ಹೊರೆ ಹೊತ್ತು ಹೊರದೇಶ ನೋಡಬೇಕೆ?

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ವಿದೇಶ ಪ್ರವಾಸ ಈಗ ಅಪರೂಪದ ಸಂಗತಿಯಲ್ಲ. ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಮಗಳು ಲಂಡನ್ನಿನಲ್ಲಿದ್ದಾಳೆ. ಇಲ್ಲವೆ ನಿವೃತ್ತಿಯ ಹಣದಲ್ಲಿ ಒಂದಿಷ್ಟು ತೆಗೆದಿಟ್ಟು ಗಂಡಹೆಂಡಿರು ಯುರೋಪಿನ ಬಸ್ ಪ್ರವಾಸಕ್ಕೆ ಹೊರಡುತ್ತಾರೆ. ಸಂತೋಷ. ಆದರೆ ಟಿಕೆಟ್ಟು, ವೀಸಾಗಳ ಬೆನ್ನಲ್ಲೇ ಮುಂಬಯಿಯ ಬೋರಾ ಬಜಾರಿಗೆ ಇನ್ನೊಂದು ಯಾತ್ರೆ ನಡೆಯುತ್ತದೆ. ಹಿಂದಿರುಗುವಾಗ ಸಣ್ಣ ಟ್ರಂಕಿನಷ್ಟು ದೊಡ್ಡ ಕ್ಯಾಮೆರಾ ಚೀಲವೂ, ಟ್ರೈಪಾಡ್ ಎಂಬ ಮುಕ್ಕಾಲಿಯೂ ಜೊತೆಗೆ ಬರುತ್ತವೆ. ಇವೆರಡೂ ಇಲ್ಲದೆ ತೆಗೆದ ಚಿತ್ರ ಚಿತ್ರವೇ ಅಲ್ಲ ಎಂಬ ನಂಬಿಕೆಯೊಂದು ನಮ್ಮಲ್ಲಿ ಬೇರೂರಿದೆ. ಈ ನಂಬಿಕೆಯನ್ನು ನಾವು ನೇರವಾಗಿ ವಿರೋಧಿಸುತ್ತೇವೆ.

ಮೊದಲು ಚೀಲದ ಮಾತು. ಅಂಗಡಿಯವರು ಕೇಳುವ ಪ್ರಶ್ನೆ ಒಂದೇ: "ಎಷ್ಟು ಲೆನ್ಸ್ ಇವೆ?" ಕೇಳಬೇಕಾದದ್ದು "ಎಷ್ಟು ಹೊರಬಲ್ಲಿರಿ?" ಎಂದು. ನಮ್ಮ ದೇಶದಿಂದ ಹೊರಡುವ ಅನೇಕ ವಿಮಾನಗಳ ಇಕಾನಮಿ ದರ್ಜೆಯಲ್ಲಿ ಕೈಸಾಮಾನಿಗೆ ಇರುವ ಮಿತಿ 7 ಕಿಲೊ. ದಪ್ಪ ಮೆತ್ತೆಯ ದೊಡ್ಡ ಚೀಲ ಬರಿದಾಗಿದ್ದಾಗಲೇ ಎರಡು ಕಿಲೊ ತೂಗುತ್ತದೆ. ಅದಕ್ಕೆ ಮುಕ್ಕಾಲು ಕಿಲೊದ ಕ್ಯಾಮೆರಾ, ಅಷ್ಟೇ ತೂಕದ ಒಂದು ಲೆನ್ಸು, ಒಂದೂವರೆ ಕಿಲೊದ ದೂರದರ್ಶಕ ಲೆನ್ಸು, ಫ್ಲ್ಯಾಶು, ಚಾರ್ಜರು ಸೇರಿದರೆ ಆರು ಕಿಲೊದ ಹತ್ತಿರ ಬಂತು. ಇನ್ನು ರಕ್ತದೊತ್ತಡದ ಮಾತ್ರೆ, ಸ್ವೆಟರು, ಕಾಗದಪತ್ರ, ದಾರಿಗೆ ಕಟ್ಟಿಕೊಂಡ ಚಪಾತಿ ಎಲ್ಲಿ ಹೋಗಬೇಕು? ಅವು ಹೋಗುವುದು ಮನೆಯಾಕೆಯ ಕೈಚೀಲಕ್ಕೆ. ಹವ್ಯಾಸ ಒಬ್ಬರದು, ಹೆಗಲು ಇನ್ನೊಬ್ಬರದು!

ಮಿತಿ ಮೀರಿದ ಚೀಲವನ್ನು ವಿಮಾನದ ಬಾಗಿಲಲ್ಲಿ ಕಸಿದು ಸಾಮಾನಿನ ಒಡಲಿಗೆ ಕಳಿಸಿದರೆ ಇನ್ನೊಂದು ಪಜೀತಿ. ಬಿಡಿಯಾಗಿ ಒಯ್ಯುವ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕುಗಳು ಬೆಂಕಿಯ ಭಯದಿಂದಾಗಿ ಪ್ರಯಾಣಿಕರ ಬಳಿಯೇ ಇರಬೇಕೆಂಬುದು ನಿಯಮ. ಸಾಲಿನಲ್ಲಿ ನಿಂತವರೆಲ್ಲ ಗೊಣಗುತ್ತಿರುವಾಗ ಚೀಲ ಬಿಚ್ಚಿ ಅವನ್ನು ಹುಡುಕಿ ತೆಗೆಯಬೇಕು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡ ಎನ್ನುತ್ತಾರೆ ಹಿರಿಯರು. ಇಲ್ಲಿ ಮಾತ್ರ ಕುಲಾವಿಯೇ ಮೊದಲು. ಒಂದು ಕಿಲೊಗಿಂತ ಕಡಿಮೆ ತೂಗುವ ಚೀಲವನ್ನು ಆರಿಸಿಕೊಂಡು, ಅದರಲ್ಲಿ ಹಿಡಿಸುವಷ್ಟೇ ಸಲಕರಣೆ ಒಯ್ಯಬೇಕು: ಒಂದು ಕ್ಯಾಮೆರಾ, ಎರಡು ಲೆನ್ಸು, ಎರಡು ಬ್ಯಾಟರಿ. ಬೆನ್ನುಚೀಲವಾದರೆ ಬೆನ್ನಿಗೆ ತಾಗುವ ಬದಿಯಿಂದ ತೆರೆಯುವಂಥದು ಒಳ್ಳೆಯದು. ಹಿಂದೆ ನಿಂತವನ ಕೈ ಜಿಪ್ಪಿಗೆ ಎಟುಕುವುದಿಲ್ಲ. ದೊಡ್ಡ ಅಕ್ಷರದಲ್ಲಿ ಕ್ಯಾಮೆರಾ ಕಂಪೆನಿಯ ಹೆಸರು ಬರೆದ ಚೀಲ ಬೇಡವೇ ಬೇಡ. ಅದು ಪ್ಯಾರಿಸ್ಸಿನ ಮೆಟ್ರೊದಲ್ಲಿ ಜೇಬುಗಳ್ಳರಿಗೆ ನಾವೇ ಕಳಿಸುವ ಆಮಂತ್ರಣ ಪತ್ರಿಕೆ.

ಚೀಲ ಪರೀಕ್ಷಿಸಲು ಮುಂಬಯಿ ಕನ್ನಡಿಗರಿಗೆ ಯಾರ ಸಲಹೆಯೂ ಬೇಕಿಲ್ಲ. ತುಂಬಿದ ಚೀಲವನ್ನು ಎದೆಯ ಮೇಲೆ ಹಾಕಿಕೊಂಡು ಕೆಲಸದ ದಿನ ಬೆಳಿಗ್ಗೆ ಡೊಂಬಿವಲಿಯಿಂದ ದಾದರಿನವರೆಗೆ ಲೋಕಲಿನಲ್ಲಿ ನಿಂತು ಬರಲಿ. ಆಮೇಲೆ ಸೇತುವೆಯ ಮೆಟ್ಟಿಲು ಹತ್ತಿ ಇಳಿಯಲಿ. ಅಷ್ಟಾದ ಮೇಲೂ ಚೀಲದ ಮೇಲೆ ಪ್ರೀತಿ ಉಳಿದಿದ್ದರೆ ಅದು ರೋಮ್ ನಗರಕ್ಕೂ ಯೋಗ್ಯ.

ಇನ್ನು ಟ್ರೈಪಾಡು. ಪ್ಯಾರಿಸ್ಸಿನ ಲೂವ್ರ್, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ರೋಮಿನ ವ್ಯಾಟಿಕನ್ ಸಂಗ್ರಹಾಲಯ, ಈ ಮೂರು ಕಡೆಯೂ ಸಾಮಾನ್ಯ ಪ್ರವಾಸಿ ಟ್ರೈಪಾಡು ಬಿಡಿಸುವಂತಿಲ್ಲ. ದೂರ ಹೋಗುವುದೇಕೆ? ನಮ್ಮ ಹಂಪಿ, ಪಟ್ಟದಕಲ್ಲುಗಳಂಥ ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲೂ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು. ಬಿಡಿಸಬಹುದಾದ ಬೀದಿಯಲ್ಲಾದರೂ ಪ್ರವಾಸದ ಬಸ್ಸು ಕೊಡುವುದು ಅರ್ಧ ಗಂಟೆ. ಮೂರು ಕಾಲು ಚಾಚಿ, ತಲೆ ತಿರುಗಿಸಿ, ಮಟ್ಟ ನೋಡುವಷ್ಟರಲ್ಲಿ ಮಾರ್ಗದರ್ಶಿ ಕೊಡೆ ಎತ್ತಿ ಕರೆಯುತ್ತಿರುತ್ತಾನೆ.

"ಕೈ ನಡುಗಿದರೆ ಚಿತ್ರ ಕೆಡುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 100ರ ವೇಗದ ಫಿಲ್ಮಿನ ಕಾಲದಲ್ಲಿ ಸಂಜೆಗತ್ತಲ ಚಿತ್ರಕ್ಕೆ ಒಂದು ಸೆಕೆಂಡು ಬೇಕಾಗುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ತೆಗೆಯುವುದು ಅಸಾಧ್ಯ. ಇಂದಿನ ಡಿಜಿಟಲ್ ಕ್ಯಾಮೆರಾವನ್ನು 3200ಕ್ಕೆ ಇಟ್ಟರೆ ಅದೇ ಬೆಳಕಿನಲ್ಲಿ ಸೆಕೆಂಡಿನ ಮೂವತ್ತನೆಯ ಒಂದು ಭಾಗ ಸಾಕು. ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಕೈನಡುಕ ತಡೆಯುವ ಲೆನ್ಸನ್ನು ಕ್ಯಾನನ್ ಕಂಪೆನಿ 1995ರಲ್ಲಿ ತಂದಿತು. ಈಗ ಆ ಉಪಾಯ ಅನೇಕ ಕ್ಯಾಮೆರಾಗಳ ಒಡಲಲ್ಲೇ ಇದೆ. ಇಷ್ಟಕ್ಕೂ ಟ್ರೈಪಾಡು ನಿಲ್ಲಿಸುವುದು ಕ್ಯಾಮೆರಾವನ್ನು ಮಾತ್ರ. ಓಡಾಡುವ ಮೊಮ್ಮಗಳನ್ನು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ.

ಟ್ರೈಪಾಡಿಗೆ ನಿಜವಾದ ಕೆಲಸ ಇರುವ ಕಡೆಗಳೂ ಉಂಟು. ನಾರ್ವೆಯ ಟ್ರೋಮ್ಸೊದಲ್ಲಿ ಆಕಾಶದ ಉತ್ತರ ಧ್ರುವಪ್ರಭೆ ತೆಗೆಯುವವರಿಗೆ ಹಲವು ಸೆಕೆಂಡುಗಳ ಎಕ್ಸ್‌ಪೋಷರ್ ಬೇಕು. ನಕ್ಷತ್ರಗಳಿಗೂ, ಹಾಲಿನಂತೆ ಹರಿಯುವ ಜಲಪಾತಕ್ಕೂ ಹಾಗೆಯೇ. ಅದಕ್ಕೆಂದೇ ಹೋಗುವವರು ಒಳ್ಳೆಯದನ್ನೇ ಕೊಳ್ಳಲಿ: ಒಂದರಿಂದ ಒಂದೂವರೆ ಕಿಲೊದೊಳಗಿನ ಕಾರ್ಬನ್ ಫೈಬರಿನದು, ನಡುಗಂಬ ಎತ್ತದೆಯೇ ಎದೆಮಟ್ಟಕ್ಕೆ ಬರುವಂಥದು. ಅದನ್ನು ವಿಮಾನದಲ್ಲಿ ದೊಡ್ಡ ಪೆಟ್ಟಿಗೆಯೊಳಗೆ ಹಾಕಲಿ. ನಮ್ಮ ಆಕ್ಷೇಪವೆಲ್ಲ "ಇರಲಿ ಒಂದು" ಎಂದು ಕೊಳ್ಳುವ ಅಗ್ಗದ ಟ್ರೈಪಾಡಿನ ಮೇಲೆ. ಗಾಳಿ ಬೀಸಿದರೆ ಅದು ನಮಗಿಂತ ಮೊದಲೇ ನಡುಗುತ್ತದೆ. ತೂಕವೂ ಉಳಿಯಲಿಲ್ಲ, ಚಿತ್ರವೂ ಉಳಿಯಲಿಲ್ಲ.

ಉಳಿದವರಿಗೆ ನಮ್ಮ ಅಜ್ಜಿಯರ ಹೊಲಿಗೆಡಬ್ಬಿಯೇ ಸಾಕು. ಅಂಗೈಯಗಲದ ಗಟ್ಟಿ ಬಟ್ಟೆಯ ಚೀಲ ಹೊಲಿದು ಬರಿದಾಗಿಯೇ ಒಯ್ಯಿರಿ. ಅಲ್ಲಿಯ ಅಂಗಡಿಯಲ್ಲಿ ಅಕ್ಕಿ ಕೊಂಡು ತುಂಬಿರಿ. ಇಲ್ಲಿಂದಲೇ ಕಾಳು ತುಂಬಿ ಒಯ್ದರೆ ಆಸ್ಟ್ರೇಲಿಯದಂಥ ದೇಶಗಳಲ್ಲಿ ತಪಾಸಣೆಯವರು ಬಿಡುವುದಿಲ್ಲ. ಕಟ್ಟೆಯ ಮೇಲೆ ಅದನ್ನಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಒತ್ತಿದರೆ ಥೇಮ್ಸ್ ನದಿಯ ರಾತ್ರಿದೀಪಗಳು ಅಲುಗದೆ ಮೂಡುತ್ತವೆ. ಹತ್ತು ಸೆಕೆಂಡು ಇಟ್ಟರೆ ಮನೆಯವರೆಲ್ಲರೂ ಚಿತ್ರದಲ್ಲಿರಬಹುದು. ಹಿಂದಿರುಗುವ ದಿನ ಆ ಅಕ್ಕಿಯನ್ನು ಮಗಳ ಅಡಿಗೆಮನೆಯಲ್ಲಿ ಸುರಿದು ಬನ್ನಿ!

ಇದು ಬರಿಯ ಹಣದ ಪ್ರಶ್ನೆಯಲ್ಲ. ಪ್ರವಾಸದಿಂದ ಬಂದವರು ನೆಂಟರಿಗೆ ಟಿವಿಯಲ್ಲಿ ತೋರಿಸುವ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಗೋಪುರಗಳಿವೆ, ಸೇತುವೆಗಳಿವೆ, ಅಮ್ಮ ಎಲ್ಲಿ ಎಂದರೆ ದೂರದ ಬೆಂಚಿನ ಮೇಲೆ ಚೀಲ ಕಾಯುತ್ತಾ ಕುಳಿತಿದ್ದರು ಎಂಬ ಉತ್ತರ ಬರುತ್ತದೆ. ಐಫೆಲ್ ಗೋಪುರದ ಚಿತ್ರ ನಮಗಿಂತ ಚೆನ್ನಾಗಿ ತೆಗೆದವರು ಸಾವಿರಾರು ಜನ. ಸೀರೆಯ ಮೇಲೆ ಕೋಟು ತೊಟ್ಟು ಅದರ ಕೆಳಗೆ ನಕ್ಕ ನಮ್ಮ ಅಮ್ಮನ ಚಿತ್ರ ತೆಗೆಯಬಲ್ಲವರು ನಾವು ಮಾತ್ರ. ಮೊಣಕಾಲು ನೋಯುವ ಆಕೆ ಮತ್ತೊಮ್ಮೆ ಅಷ್ಟು ದೂರ ಬರುವರೆಂಬ ಭರವಸೆ ಯಾರಿಗಿದೆ?

ಆದ್ದರಿಂದ ಪ್ರವಾಸಕ್ಕೆ ಅಣಿಯಾಗುತ್ತಿರುವ ಬಂಧುಗಳಲ್ಲಿ ನಮ್ಮ ವಿನಂತಿ: ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿರುವುದನ್ನೆಲ್ಲ ಒಮ್ಮೆ ತೂಗಿ ನೋಡಿ. ದುಬಾರಿ ಕ್ಯಾಮೆರಾ ಇದ್ದರೆ ಹೊರಡುವಾಗಲೇ ವಿಮಾನನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ಅದರ ಕ್ರಮಸಂಖ್ಯೆ ಬರೆಸಿ ಪ್ರಮಾಣಪತ್ರ ಪಡೆಯಿರಿ. ಹಿಂದಿರುಗುವಾಗ ಸುಂಕದ ತಕರಾರು ತಪ್ಪುತ್ತದೆ. ಟ್ರೈಪಾಡಿಗೆಂದು ತೆಗೆದಿಟ್ಟ ಹಣದಲ್ಲಿ ಅಮ್ಮನಿಗೆ ನಡೆಯಲು ಹಿತವಾದ ಒಂದು ಜೊತೆ ಬೂಟು ಕೊಡಿಸಿ.